ಹೊತ್ತು ಮುಳುಗುವವರೆಗೂ ಓಡಿದ ಎಲೆಕ್ಟ್ರಾನು

ನಮ್ಮ ದೊಡ್ಡಪ್ಪನವರಿಗೆ ಭೌತಶಾಸ್ತ್ರದಲ್ಲಿ ಗೊತ್ತಿದ್ದದ್ದು ಒಂದೇ ಸಂಗತಿ, ಅದೂ ಪೂರ್ತಿ ಗೊತ್ತಿರಲಿಲ್ಲ. ಎಲೆಕ್ಟ್ರಾನು ಓಡಿದಷ್ಟೂ ಅದರ ದ್ರವ್ಯರಾಶಿ ಏರುತ್ತದೆ ಎಂಬುದು ಆ ಸಂಗತಿ. ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಅವರು ಅದೇ ವಿಷಯಕ್ಕೆ ಲೆಕ್ಚರರು. ಓದುವ ಕಾಲದಲ್ಲಿ ಯಾವುದೋ ಪುಸ್ತಕದ ಆ ಒಂದು ಸಾಲು ಕಣ್ಣಿಗೆ ಬಿದ್ದಿರಬೇಕು. ಅಲ್ಲಿಗೆ ಪುಸ್ತಕ ಮುಚ್ಚಿದವರು ಮತ್ತೆ ತೆರೆದದ್ದನ್ನು ನಾನು ಕಾಣೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೂ, ಸಾವಿನ ಮನೆಯಲ್ಲಿ ಚಾಪೆಯ ಮೇಲೆ ಕೂತರೂ, ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿಕೊಂಡು ಕೂತರೂ ಅವರ ಎಲೆಕ್ಟ್ರಾನು ಓಡಲೇಬೇಕು, ಅದರ ತೂಕ ಏರಲೇಬೇಕು. ಕೇಳಿದವರು ‘ಅಂಗಾ ಸಾ’ ಎಂದು ಬಾಯಿ ತೆರೆದರೆ ಅಂದಿನ ಊಟ ದೊಡ್ಡಪ್ಪನಿಗೆ ಅರಗಿತು ಎಂದರ್ಥ. ಯಾರಾದರೂ ‘ಯಾಕೆ’ ಎಂದು ಕೇಳಿದರೋ, ಅವರ ಮನೆಯ ಶುಭಕಾರ್ಯಕ್ಕೆ ಆ ವರ್ಷ ದೊಡ್ಡಪ್ಪ ಹೋಗುತ್ತಿರಲಿಲ್ಲ.

ಮನೆ ಕೋಟೆಯ ಬೀದಿಯಲ್ಲಿ, ನರಸಿಂಹಸ್ವಾಮಿ ಗುಡಿಯ ಗಂಟೆ ಕೇಳುವಷ್ಟು ಹತ್ತಿರ. ಆ ಮನೆಗೆ ಇದ್ದ ಪುಣ್ಯ ಅಷ್ಟೇ ಎಂದು ನಾನು ಈಗಲೂ ಹೇಳುತ್ತೇನೆ. ಮುಂದೆ ಜಗುಲಿ, ಒಳಗೆ ಪಡಸಾಲೆ, ಪಡಸಾಲೆಯ ಗೋಡೆಗೆ ಕಾಲೇಜಿನವರು ಬೇಡವೆಂದು ತೆಗೆದಿಟ್ಟಿದ್ದ ಹಳೆಯ ಕರಿಹಲಗೆ. ಅದರ ಕೆಳಗೆ ಷಟರ್ ಎಳೆಯುವ ಟೀವಿ, ಟೀವಿಯ ಎದುರಿಗೆ ದೊಡ್ಡಪ್ಪನವರ ಬೆತ್ತದ ಕುರ್ಚಿ. ಆ ಕುರ್ಚಿ ಖಾಲಿ ಇದ್ದಾಗಲೂ ಅದರ ಮುಂದೆ ಹಾಯುವಂತಿರಲಿಲ್ಲ. ಹಿಂದಿನಿಂದ ಸುತ್ತಿಕೊಂಡು ಹೋಗಬೇಕು. ನಾನು ಹಳೇಕೋಟೆಯ ಹುಡುಗಿ. ಅಪ್ಪ ಹೊಲ ಉಳುವವರು. ಊರಿನ ಶಾಲೆ ಮುಗಿದ ಮೇಲೆ ಹೈಸ್ಕೂಲಿಗೆಂದು ನನ್ನನ್ನು ತಮ್ಮ ಈ ಅಣ್ಣನ ಮನೆಯಲ್ಲಿ ಬಿಟ್ಟಿದ್ದರು. ‘ಓದಿದವರ ಮನೆ, ಕೂಸಿಗೆ ನಾಲ್ಕಕ್ಷರ ತಾಗುತ್ತದೆ’ ಎಂಬುದು ಅವರ ನಂಬಿಕೆ. ನನಗೆ ತಾಗಿದ್ದು ಕಸಬರಿಕೆ, ಒನಕೆ, ಒರಳುಕಲ್ಲು. ಮಕ್ಕಳಿಲ್ಲದ ಆ ಮನೆಯಲ್ಲಿ ದೊಡ್ಡಮ್ಮನ ಜೊತೆ ನಾನೂ ಒಂದು ಕೈ. ದೊಡ್ಡಮ್ಮ ಮಾತ್ರ ನನ್ನ ತಟ್ಟೆಗೆ ಮುದ್ದೆ ಹಾಕುವಾಗ ಉಪ್ಸಾರಿನ ಮೇಲೆ ಒಂದು ಮಿಳ್ಳೆ ತುಪ್ಪ ಬಿಡುತ್ತಿದ್ದರು, ದೊಡ್ಡಪ್ಪ ಆ ಕಡೆ ತಿರುಗಿದಾಗ. ಸ್ವಾಮಿ ಕೊಡುವುದಾದರೆ ಹೀಗೆ ಮಿಳ್ಳೆಯ ಲೆಕ್ಕದಲ್ಲೇ ಕೊಡುತ್ತಾನೆ. ಕೊಟ್ಟದ್ದನ್ನು ನೆನೆಯಬೇಕು.

ಎಲೆಕ್ಟ್ರಾನಿನಿಂದ ದೊಡ್ಡಪ್ಪ ನೀತಿಯನ್ನೂ ಹಿಂಡುತ್ತಿದ್ದರು. ನಾನು ಗುಡಿಗೆ ಹೋಗಿ ಬರುವುದು ಒಂದು ಗಳಿಗೆ ತಡವಾದರೂ ಸಾಕು, ಕುರ್ಚಿಯಿಂದಲೇ ಶುರು.

“ನೋಡಮ್ಮಿ, ಸುಮ್ಕೆ ಇದ್ದಲ್ಲೇ ಇದ್ರೆ ಎಲೆಕ್ಟ್ರಾನು ಅಗೂರ. ಓಡಕ್ ಶುರು ಮಾಡ್ತೋ, ಬಾರ. ಎಣ್ಮಕ್ಳೂ ಅಂಗೇಯ. ಮನೇಲಿದ್ರೆ ಯಾರ್ಗೂ ಬಾರ ಅಲ್ಲ.”

ಇಷ್ಟು ಹೇಳಿ, ಎದ್ದು ಎರಡು ಹೆಜ್ಜೆ ನಡೆಯಲಾರದೆ ನೀರು ತಾ ಎಂದು ನನ್ನನ್ನೇ ಓಡಿಸುತ್ತಿದ್ದರು. ನಾನು ಹತ್ತನೇ ತರಗತಿಗೆ ಬರುವಷ್ಟರಲ್ಲಿ ಎಲೆಕ್ಟ್ರಾನು ನನ್ನ ತಲೆಯಲ್ಲಿ ಕಾದ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಊದಿಕೊಂಡು ಕೂತಿತ್ತು.

ಆ ವರ್ಷವೇ ಪದ್ಮಾವತಿ ಮೇಡಂ ಬಂದದ್ದು. ಚನ್ನರಾಯಪಟ್ಟಣದ ಕಡೆಯ ಜೈನರು, ಇನ್ನೂ ಮದುವೆಯಾಗದ ಹುಡುಗಿ. ದೊಡ್ಡಪ್ಪನ ಕಾಲೇಜಿಗೇ ಭೌತಶಾಸ್ತ್ರಕ್ಕೆ ಹೊಸದಾಗಿ ಸೇರಿದ್ದರು. ನಮ್ಮ ಮಹಡಿಯ ಕೋಣೆ ಅವರಿಗೆ ಬಾಡಿಗೆಗೆ, ಊಟವೂ ನಮ್ಮಲ್ಲೇ ಎಂದು ಮಾತಾಯಿತು. ಮಾತಾಡುವಾಗಲೇ ಅವರು ತಮ್ಮ ಮನೆಯ ನಡವಳಿಕೆಯನ್ನು ಬಿಚ್ಚಿ ಹೇಳಿದ್ದರು. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಗೆಣಸು ತಿನ್ನುವುದಿಲ್ಲ. ಸಂಜೆಯ ಊಟ ಹೊತ್ತು ಮುಳುಗುವುದರೊಳಗೆ ಆಗಬೇಕು. ಮುಳುಗಿದ ಮೇಲೆ ಮಾರನೆಯ ದಿನ ಹೊತ್ತು ಹುಟ್ಟುವ ತನಕ ಅನ್ನವಿಲ್ಲ. ಆಲೂಗಡ್ಡೆ ಬೆಳೆಯುವ ಸೀಮೆಗೆ ಬಂದು ಆಲೂಗಡ್ಡೆ ಬೇಡ ಎನ್ನುವವರನ್ನು ಕಂಡು ನನಗೆ ನಗು ಬಂದಿತ್ತು. ದೊಡ್ಡಮ್ಮ ನಗಲಿಲ್ಲ. ಒಂದು ಹೊಸ ಪಾತ್ರೆ ಬೇರೆ ಇಟ್ಟು, ಮೇಡಂಗೆಂದು ತೊಗರಿ ಬೇಳೆ, ಹೀರೆಕಾಯಿ, ಹಲಸಂದೆ ಕಾಳು ಬೇಯಿಸಿ, ಬಿಸಿಲು ಇನ್ನೂ ಹಿತ್ತಲ ತೆಂಗಿನ ಮೇಲಿರುವಾಗಲೇ ಎಲೆ ಹಾಕುತ್ತಿದ್ದರು. ಒಬ್ಬರ ವ್ರತ ಕಾಯುವುದೂ ಒಂದು ವ್ರತ ಎಂಬುದು ಅವರ ಎಣಿಕೆ.

ಒಂದು ಸಂಜೆ ಮೇಡಂ ಊಟಕ್ಕೆಂದು ಮಹಡಿಯಿಂದ ಇಳಿದು ಬರುತ್ತಿದ್ದರು. ದೊಡ್ಡಪ್ಪ ಕುರ್ಚಿಯಿಂದಲೇ ತಡೆದರು.

“ಕೂತ್ಕಳಿ ಮೇಡಂ, ಒಂದ್ನಿಮ್ಸ. ನಮ್ಮುಡ್ಗಿಗೆ ಒಸಿ ಫಿಸಿಕ್ಸ್ ಏಳ್ಕೊಡ್ತಿದ್ದೆ. ಈ ಟೀವಿ ಒಳ್ಗೆ ಎಲೆಕ್ಟ್ರಾನು ಓಡಿ ಓಡಿ ಬಾರ ಆಯ್ತದಲ್ಲ, ಅದನ್ನ.”

“ಟೀವಿ ಒಳಗೆ ಅದು ಬೆಳಕಿನ ವೇಗದ ಕಾಲುಭಾಗಕ್ಕಿಂತ ಜೋರಾಗಿ ಓಡುತ್ತೆ ಸರ್. ಶಕ್ತಿ ಜಾಸ್ತಿ ಆಗುತ್ತೆ. ದ್ರವ್ಯರಾಶಿ ಇದ್ದಷ್ಟೇ ಇರುತ್ತೆ.”

“ಅದೆಂಗೆ? ಪುಸ್ತಕದಲ್ಲೇ ಐತಲ್ಲ?”

“ಹಳೇ ಪುಸ್ತಕದಲ್ಲಿದೆ ಸರ್. ಹಾಗೆ ಲೆಕ್ಕ ಹಾಕಿದ್ರೂ ಉತ್ತರ ಸರಿಯಾಗೇ ಬರುತ್ತೆ. ಆದ್ರೆ ಈಗ ಹಾಗೆ ಹೇಳೋದು ಬಿಟ್ಟಿದ್ದಾರೆ. ಎಲೆಕ್ಟ್ರಾನೇ ದಪ್ಪ ಆಗುತ್ತೆ ಅಂದ್ಕೊಂಡುಬಿಡ್ತಾರೆ ಮಕ್ಕಳು.”

ಎಷ್ಟು ಮೆತ್ತಗೆ ಹೇಳಿದರು ಎಂದರೆ, ಬೇರೆ ಯಾರೇ ಆಗಿದ್ದರೂ ‘ಹೌದೇ ತಾಯಿ’ ಎಂದು ಮುಗಿಸುತ್ತಿದ್ದರು. ದೊಡ್ಡಪ್ಪ ಎದ್ದು ಸೀಮೆಸುಣ್ಣ ಹಿಡಿದರು. ತಾವು ಯಾರ ಶಿಷ್ಯರು, ತಮ್ಮ ಗುರುಗಳು ಯಾರ ಶಿಷ್ಯರು, ತಮ್ಮ ಕೈಯಲ್ಲಿ ಓದಿದವರು ಎಲ್ಲೆಲ್ಲಿ ಇಂಜಿನಿಯರಾಗಿದ್ದಾರೆ ಎಂಬುದೆಲ್ಲ ಬಂತು. ಎಲೆಕ್ಟ್ರಾನು ಬರಲಿಲ್ಲ. ಹಿರಿಯರ ಮಾತಿನ ನಡುವೆ ಏಳಬಾರದೆಂದು ಮೇಡಂ ಕೂತೇ ಇದ್ದರು. ಹೊತ್ತು ಮುಳುಗಿತು. ಅಂದು ಅವರು ಉಣ್ಣಲಿಲ್ಲ.

ಅದು ಅಚಾತುರ್ಯ ಎಂದು ನಾನು ನಂಬಿದ್ದೆ. ಎರಡನೆಯ ಸಲವೂ ನಂಬಿದೆ. ಮೂರನೆಯ ಸಲ ದೊಡ್ಡಪ್ಪನವರ ಕಣ್ಣು ಕಿಟಕಿಯ ಕಡೆ, ಹಿತ್ತಲ ತೆಂಗಿನ ತುದಿಯ ಬೆಳಕಿನ ಕಡೆ ಹೋಗಿ ಬರುವುದನ್ನು ಕಂಡೆ. ವಾದದಲ್ಲಿ ಗೆಲ್ಲಲಾರದ ಮನುಷ್ಯ ಸೂರ್ಯನನ್ನು ತನ್ನ ಕಡೆಗೆ ಸೇರಿಸಿಕೊಂಡಿದ್ದ. ಜಗತ್ತಿನಲ್ಲಿ ಕಳ್ಳರನ್ನು ಕಂಡಿದ್ದೇನೆ, ಸುಳ್ಳರನ್ನು ಕಂಡಿದ್ದೇನೆ. ಒಬ್ಬ ಹೆಣ್ಣುಮಗಳ ವ್ರತವನ್ನೇ ಹಗ್ಗ ಮಾಡಿ ಅವಳನ್ನು ಕಟ್ಟಿ ಕೂರಿಸಿ, ಆಮೇಲೆ ತಾನು ಚಪ್ಪರಿಸಿಕೊಂಡು ಮುದ್ದೆ ನುಂಗಿದವರನ್ನು ಆ ಮನೆಯ ಆಚೆ ಎಲ್ಲೂ ಕಾಣಲಿಲ್ಲ. ದಿನಾ ಹಣೆಗೆ ನಾಮ ಬೇರೆ.

ದೊಡ್ಡಮ್ಮನಿಗೂ ಇದು ತಿಳಿದಿತ್ತು. ಗಂಡನಿಗೆ ಎದುರಾಡುವ ಧೈರ್ಯವಿಲ್ಲದ ಆಕೆ ತನಗೆ ತಿಳಿದಂತೆ ಒಂದು ದಾರಿ ಮಾಡಿಕೊಂಡರು. ಬಿಸಿಲು ಇಳಿಯುತ್ತಾ ಬಂದರೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಇವರೇ, ಜಗ್ಲಿ ತಾವ ಯಾರೋ ನಿಮ್ಮುನ್ನ ಕೇಳ್ಕಂಡ್ ಬಂದವ್ರೆ” ಎನ್ನುವರು. ತಮ್ಮನ್ನು ಯಾರೋ ಕೇಳಿಕೊಂಡು ಬಂದಿದ್ದಾರೆ ಎಂದರೆ ದೊಡ್ಡಪ್ಪ ಮಲಗಿದ್ದಲ್ಲಿಂದಲೂ ಎದ್ದು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವರು ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ ಬರುವಷ್ಟರಲ್ಲಿ ಮೇಡಂ ಒಳಗೆ ಎಲೆಯ ಮುಂದೆ. ಇದು ಎಷ್ಟೋ ಸಲ ನಡೆಯಿತು. ಬೀದಿಯಲ್ಲಿ ಯಾರೂ ಇಲ್ಲದ್ದು ಕಂಡೂ ಮುಂದಿನ ಸಲ ಮತ್ತೆ ಎದ್ದು ಹೋಗುತ್ತಿದ್ದರು. ಅಷ್ಟು ಓದಿದವರು.

ಬೆಳಗಿನ ಹೊತ್ತು ಮಹಡಿಯ ಮೇಲೆ ಬಟ್ಟೆ ಹರವಲು ಹೋದಾಗ ಮೇಡಂ ನನ್ನೊಡನೆ ಮಾತಾಡುತ್ತಿದ್ದರು. ನನ್ನ ತಲೆಯೊಳಗಿನ ಪೂರಿಯನ್ನು ಇಳಿಸಿದ್ದು ಅಲ್ಲಿಯೇ.

“ಶಾಂತಾ, ನೀನು ಊರಿಂದ ಬಸ್ಸಲ್ಲಿ ಬರುವಾಗ ದಾರೀಲಿ ನಿಂತೋರಿಗೆ ನೀನು ಓಡ್ತಿದೀಯ. ಪಕ್ಕದ ಸೀಟಿನೋರಿಗೆ?”

“ಕೂತಿದೀನಿ.”

“ಬಸ್ಸು ಜೋರಾಗಿ ಹೋಯ್ತು ಅಂತ ನಿನ್ನ ಮೈಯೊಳಗೆ ಏನಾದ್ರೂ ಬದಲಾಯ್ತಾ?”

“ವಾಂತಿ ಬಂದಂಗಾಯ್ತದೆ ಮೇಡಂ.”

ನಕ್ಕು ನಕ್ಕು ಅವರು ಹಗ್ಗ ಹಿಡಿದುಕೊಂಡು ನಿಂತರು. ಆಮೇಲೆ ಹೇಳಿದರು. ಎಲೆಕ್ಟ್ರಾನಿನ ಜೊತೆಗೇ, ಅದರಷ್ಟೇ ವೇಗದಲ್ಲಿ ಹೋಗುವವರು ಯಾರಾದರೂ ಇದ್ದರೆ ಅವರ ಪಾಲಿಗೆ ಅದು ನಿಂತೇ ಇರುತ್ತದೆ. ನಿಂತಾಗ ಅಳೆದ ದ್ರವ್ಯರಾಶಿಯೇ ಅದರ ಸ್ವಂತದ್ದು. ಯಾರು ನೋಡಿದರೂ, ಎಷ್ಟು ಓಡಿಸಿದರೂ ಅದು ಬದಲಾಗದು. ವೇಗವೂ ಶಕ್ತಿಯೂ ನೋಡುವವರು ಎಲ್ಲಿದ್ದಾರೆ ಎಂಬುದರ ಮೇಲೆ ಹೆಚ್ಚು ಕಡಿಮೆ ಆಗುತ್ತವೆ. ಇನ್ನೊಂದು ಮಾತನ್ನೂ ಹೇಳಿದರು. ಸುಮ್ಮನೆ ನಿಂತ ಎಲೆಕ್ಟ್ರಾನಿನೊಳಗೂ ಶಕ್ತಿ ಇದೆ, ದ್ರವ್ಯರಾಶಿ ಎಂದರೆ ಆ ನಿಂತಾಗಿನ ಶಕ್ತಿಯೇ. ಟೀವಿಯೊಳಗೆ ಅಷ್ಟು ರಭಸದಿಂದ ಓಡಿಸಿದಾಗಲೂ ಅದಕ್ಕೆ ಹೊಸದಾಗಿ ಸೇರುವುದು ನೂರರಲ್ಲಿ ನಾಲ್ಕೈದು ಪಾಲು ಅಷ್ಟೇ. ಉಳಿದದ್ದು ಮೊದಲೇ ಇತ್ತು. ನಾನು ಕೂಡಲೇ ನರಸಿಂಹಸ್ವಾಮಿಯನ್ನು ನೆನೆದು, ಗರ್ಭಗುಡಿಯಲ್ಲಿ ಕದಲದೆ ಕೂತ ದೇವರೂ ಹಾಗೇ ಅಲ್ಲವೇ ಎಂದೆ. ದಿನವೂ ಜಿನಸ್ತುತಿ ಹೇಳಿಕೊಳ್ಳುತ್ತಿದ್ದ ಆ ಹುಡುಗಿ ತಲೆಯಾಡಿಸಿದರು.

“ದೇವರನ್ನ ದೇವರ ಮನೇಲಿಡು, ಎಲೆಕ್ಟ್ರಾನನ್ನ ಅದರ ಜಾಗದಲ್ಲಿಡು. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಬೇಡ. ಅದು ಕೆಳಗೆ ಕುರ್ಚೀಲಿ ಕೂತೋರ ಅಡುಗೆ.”

ಮೇಡಂ ದೊಡ್ಡಪ್ಪನ ಬಗ್ಗೆ ಕಟುವಾಗಿ ಆಡಿದ್ದು ಅದೊಂದೇ ಮಾತು. ನನಗೆ ಒಂದು ವಾರದ ಸಂತೋಷಕ್ಕೆ ಸಾಕಾಯಿತು. ಆ ವಾರವೇ ನನಗೆ ಈ ವಿದ್ಯೆ ಬೇಕು ಎನ್ನಿಸಿದ್ದು. ಪಾಸಾದರೆ ಸೈನ್ಸ್ ತೆಗೆದುಕೊಳ್ಳಬೇಕು ಎಂದು ಗುಡಿಯಲ್ಲಿ ಹರಸಿಕೊಂಡೆ.

ಪಾಸಾದೆ. ಮುಂದೇನು ಎಂದು ತೀರ್ಮಾನಿಸಲು ಅಪ್ಪ ಬಾಳೆಗೊನೆ ಹೊತ್ತುಕೊಂಡು ಹಳೇಕೋಟೆಯಿಂದ ಬಂದರು. ಅಣ್ಣನ ಎದುರು ಕುರ್ಚಿಯಲ್ಲಿ ಕೂರದೆ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತರು. ದೊಡ್ಡಪ್ಪ ಶುರು ಮಾಡಿದರು.

“ಸೈನ್ಸ್ ಅಂದ್ರೆ ಸೊಪ್ಪು ಸೋಸದಲ್ಲ ಕಣಪ್ಪ. ಆರ್ಟ್ಸ್ ತಕಳ್ಳಿ. ನಿಮ್ಮತ್ತಿಗೆಗೂ ಮಂಡಿ ನೋವು. ಮನೇಲೊಂದು ಕೈ ಇದ್ದಂಗಾಯ್ತದೆ.”

“ನೀ ಓದ್ದೋನು ಕಣಣ್ಣ, ನಂಗೇನ್ ಗೊತ್ತು. ಕೂಸು ಸೈನ್ಸೇ ಬೇಕು ಅಂತ ಅಟ ಇಡ್ದವ್ಳೆ.”

“ಆಯ್ತು. ಒಂದು ಪ್ರಶ್ನೆ ಕೇಳ್ತೀನಿ. ಸರ್ಯಾಗಿ ಏಳಿದ್ರೆ ಸೈನ್ಸು. ತಪ್ಪಿದ್ಲೋ, ಆರ್ಟ್ಸು, ನಮ್ಮನೆ. ಒಪ್ತೀಯಾ?”

ಅಪ್ಪ ಒಪ್ಪಿದರು. ಪ್ರಶ್ನೆ ಯಾವುದೆಂದು ನಾನು ಯೋಚಿಸಬೇಕಾಗಿರಲಿಲ್ಲ, ಅವರಲ್ಲಿ ಬೇರೆ ದಾಸ್ತಾನು ಇರಲಿಲ್ಲ. ಓಡುವ ಎಲೆಕ್ಟ್ರಾನಿನ ದ್ರವ್ಯರಾಶಿ ಏನಾಗುತ್ತದೆ ಎಂದು ಕೇಳಿದರು. ಅವರಿಗೆ ಬೇಕಾದ ಉತ್ತರ ನನಗೆ ಬಾಯಿಪಾಠ. ಅದನ್ನು ಒಪ್ಪಿಸಿದ್ದರೆ ಅಲ್ಲಿಗೆ ಸೈನ್ಸು ನನ್ನದು. ಆದರೆ ಅಷ್ಟು ಹೊತ್ತಿಗೆ ಮೇಡಂ ಊಟಕ್ಕೆ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಅವರು ಇರದಿದ್ದರೂ ನಾನು ಅದನ್ನು ಹೇಳುತ್ತಿರಲಿಲ್ಲ. ಒಮ್ಮೆ ಅರ್ಥವಾದದ್ದನ್ನು ಮತ್ತೆ ಅರ್ಥವಾಗದಂತೆ ಮಾಡಿಕೊಳ್ಳಲು ದೊಡ್ಡಪ್ಪನಂಥ ಶಕ್ತಿ ಬೇಕು.

“ಇದ್ದಷ್ಟೇ ಇರುತ್ತೆ ದೊಡ್ಡಪ್ಪ. ಶಕ್ತಿ ಏರುತ್ತೆ.”

“ತಪ್ಪು! ನೋಡ್ದೇನಪ್ಪ? ಇಷ್ಟೇಯ ಇವ್ಳ ತಲೆ.”

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಮೆಟ್ಟಿಲ ಕಡೆ ತಿರುಗಿದರು.

“ಮೇಡಮ್ಮೋರೆ, ನೀವೂ ಅದ್ನೇ ಓದ್ದೋರು. ಕೂಸು ಏಳಿದ್ದು ತಪ್ಪಾ?”

“ತಪ್ಪಲ್ಲ” ಎಂದರು ಮೇಡಂ. ಎಂದವರು ಊಟಕ್ಕೆ ಒಳಗೆ ಹೋಗಲಿಲ್ಲ. ಬಂದು ಚಾಪೆಯ ಮೇಲೆ ಕೂತರು.

ದೊಡ್ಡಪ್ಪ ಸೀಮೆಸುಣ್ಣ ಹಿಡಿದರು. ಬಿಸಿಲು ಇನ್ನೂ ತೆಂಗಿನ ನಡುವಿಗೆ ಇತ್ತು. ವೇಗ ಏರಿದಷ್ಟೂ ಎಲೆಕ್ಟ್ರಾನನ್ನು ತಳ್ಳುವುದು ಕಷ್ಟವೋ ಅಲ್ಲವೋ ಎಂದು ಕೇಳಿದರು. ಕಷ್ಟ ಎಂದು ಮೇಡಂ ಒಪ್ಪಿದರು.

“ತಳ್ಳಕ್ ಕಷ್ಟ ಆಯ್ತದೆ ಅಂದ್ರೆ ಬಾರ ಆಯ್ತು ಅಂತ ತಾನೇ? ಮುಗೀತಲ್ಲ!”

“ಮುಗೀಲಿಲ್ಲ ಸರ್. ಹಿಂದಿನಿಂದ ತಳ್ಳಿದ್ರೆ ಒಂದು ಕಷ್ಟ, ಪಕ್ಕದಿಂದ ತಳ್ಳಿದ್ರೆ ಅದಕ್ಕಿಂತ ಕಡಿಮೆ ಕಷ್ಟ. ಒಂದೇ ಎಲೆಕ್ಟ್ರಾನಿಗೆ ಒಂದೇ ಹೊತ್ತಲ್ಲಿ ಎರಡು ತೂಕ ಇರುತ್ತಾ? ಅದಕ್ಕೇ ಆ ಕಷ್ಟಾನ ದ್ರವ್ಯರಾಶಿ ಅನ್ನಬಾರದು. ನಾವು ತಳ್ಳಿದ್ದೆಲ್ಲ ಶಕ್ತಿಯಾಗಿ ಸೇರುತ್ತೆ, ವೇಗ ಮಾತ್ರ ಬೆಳಕಿನ ವೇಗದ ಹತ್ತಿರ ಹೋದಷ್ಟೂ ಏರೋದು ಕಡಿಮೆ ಆಗುತ್ತೆ.”

ಉತ್ತರ ಇಲ್ಲದವರಿಗೆ ಕೆಮ್ಮು ಬರುತ್ತದೆ, ದೊಡ್ಡಪ್ಪನಿಗೂ ಬಂತು. ಆಮೇಲೆ ಹಲಗೆ ಒರೆಸಿದರು, ಮತ್ತೆ ಬರೆದರು, ಮತ್ತೆ ಒರೆಸಿದರು. ತಮ್ಮ ಗುರುಗಳ ಕಥೆ ತೆಗೆದರು. ಕಣ್ಣು ಮಾತ್ರ ಕಿಟಕಿಯ ಕಡೆ. ದೊಡ್ಡಮ್ಮ ಬಾಗಿಲಿಗೆ ಬಂದು ನಿಂತರು.

“ಇವರೇ, ಜಗ್ಲಿ ತಾವ ಯಾರೋ...”

ದೊಡ್ಡಪ್ಪ ಅಭ್ಯಾಸದಂತೆ ಗುಂಡಿಗೆ ಕೈ ಹಾಕಿದರು. ಆಗ ಮೇಡಂ, “ಇರಲಿ ಬಿಡಿ ಅಕ್ಕ. ಇವತ್ತು ಇದು ಮುಗೀಲಿ” ಎಂದರು. ದೊಡ್ಡಮ್ಮನ ಮುಖ ಸಣ್ಣಗಾಯಿತು. ತಾವು ಎದ್ದು ಹೋದರೆ ನನ್ನ ಉತ್ತರ ತಪ್ಪಾಗಿಯೇ ಉಳಿಯುತ್ತದೆ, ಅಪ್ಪ ಆರ್ಟ್ಸ್ ಎಂದು ಹೇಳಿ ಬಸ್ಸು ಹತ್ತುತ್ತಾರೆ ಎಂದು ಮೇಡಂಗೆ ತಿಳಿದಿತ್ತು. ಬೆಳಕು ತೆಂಗಿನ ತುದಿಗೆ ಹೋಯಿತು. ಅಲ್ಲಿಂದಲೂ ಹೋಯಿತು. ಗುಡಿಯಲ್ಲಿ ಸಂಜೆಯ ಗಂಟೆ ಆಯಿತು. ದೊಡ್ಡಪ್ಪ ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿದರು.

“ಅಯ್ಯಯ್ಯೋ, ಒತ್ತು ಮುಳುಗೋಯ್ತಲ್ಲ ಮೇಡಂ! ಮಾತಿನ್ ಬರದಲ್ಲಿ ಗೊತ್ತೇ ಆಗ್ಲಿಲ್ಲ. ಇನ್ನೇನು, ನಿಮ್ಗೆ ಉಪಾಸ್ವೇಯ. ಲೇ, ನಂಗೆ ಮುದ್ದೆ ಕಟ್ಟು.”

ಅಪ್ಪನಿಗೆ ಏನೂ ತಿಳಿಯಲಿಲ್ಲ. “ಇದೇನತ್ತಿಗೆ?” ಎಂದು ಅಡುಗೆಮನೆಯ ಕಡೆ ಕೇಳಿದರು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. ನಾನು ಆ ಮನೆಯಲ್ಲಿದ್ದಷ್ಟು ಕಾಲ ಗಂಡನೆದುರು ಆಕೆ ತಲೆ ಎತ್ತಿ ಆಡಿದ ಮಾತು ಇದೇ.

“ಅವ್ರು ಒತ್ತು ಮುಳುಗಿದ್ಮೇಲೆ ಉಣ್ಣಕ್ಕಿಲ್ಲ ಕಣಪ್ಪ. ವಾರ್ದಲ್ಲಿ ಎಲ್ಡ್ ಮೂರ್ ದಿನ ಇಂಗೇಯ. ಗೊತ್ತಿದ್ದೇ ಕೂರುಸ್ತಾರೆ ನಿಮ್ಮಣ್ಣ.”

ಅಪ್ಪ ಎದ್ದು ನಿಂತರು. ಅಣ್ಣನಿಗೆ ಎದುರು ನಿಂತು ಮಾತಾಡಿದವರಲ್ಲ ಅವರು.

“ನಂಗೆ ಎಲೆಕ್ಟ್ರಾನು ಗೊತ್ತಿಲ್ಲ ಕಣಣ್ಣ. ಯಾರ್ದು ಸರಿ ಅಂತ ಏಳಾಕೆ ನನ್ ಕೈಲಾಗಕ್ಕಿಲ್ಲ. ಆದ್ರೆ ಸರಿ ಇರೋನು ಎದ್ರಿಗಿರೋರ ಒಟ್ಟೆ ಮ್ಯಾಲೆ ಒಡೀತಾನಾ? ನಮ್ಮಟ್ಟೀಲಿ ಕೂಲಿಯೋರ್ನೂ ಉಣ್ಣೋ ಒತ್ನಲ್ಲಿ ಕರ್ಯಕ್ಕಿಲ್ಲ.”

“ಲೋ, ಅದು ಶಾಸ್ತ್ರದ್ ಚರ್ಚೆ ಕಣ್ಲಾ, ನಿಂಗರ್ಥ ಆಗಕ್ಕಿಲ್ಲ...”

“ಆಗ್ದಿದ್ರೆ ಬ್ಯಾಡ. ಕೂಸೆ, ಬಟ್ಟೆ ಜೋಡುಸ್ಕೊ. ಬೆಳಿಗ್ಗೆ ಮೇಡಮ್ಮೋರು ಉಂಡ್ಮೇಲೆ ಒಲ್ಡಾಣ. ಅಲ್ಲೀಗಂಟ ನಂಗೂ ಏನೂ ಬ್ಯಾಡ ಅತ್ತಿಗೆ.”

ದೊಡ್ಡಪ್ಪ ಒಬ್ಬರೇ ಕೂತು ಉಂಡರು. ಎರಡು ಮುದ್ದೆ ಉಂಡರು. ಮನುಷ್ಯನಿಗೆ ನಾಚಿಕೆ ಇಲ್ಲದಿದ್ದರೆ ಹಸಿವು ಚೆನ್ನಾಗಿರುತ್ತದೆ.

ಬೆಳಗ್ಗೆ ಹೊತ್ತು ಹುಟ್ಟಿ, ಮೇಡಂ ತಮ್ಮ ದೇವರಿಗೆ ಕೈ ಮುಗಿದು ಇಳಿದು ಬರುವಷ್ಟರಲ್ಲಿ ದೊಡ್ಡಮ್ಮ ಅಕ್ಕಿರೊಟ್ಟಿ ತಟ್ಟುತ್ತಾ ಕೂತಿದ್ದರು. ಮೇಡಂ ತಿಂದರು, ಅಪ್ಪ ತಿಂದರು, ನಾನೂ ತಿಂದೆ. ಹೊರಡುವಾಗ ದೊಡ್ಡಮ್ಮನ ಕಾಲಿಗೆ ಬಿದ್ದೆ. ಅವರು ಹಣೆಗೆ ಕುಂಕುಮ ಇಟ್ಟು, “ಓದ್ಕೊ” ಎಂದರು, ಅಷ್ಟೇ. ಬಸ್ಸು ಹೊಳೆಯ ಸೇತುವೆ ಹತ್ತಿತು. ಅಪ್ಪ ಕೇಳಿದರು.

“ಅಲ್ಲ ಕೂಸೆ, ನಿಜವಾಗ್ಲೂ ಅದು ದಪ್ಪ ಆಗಕ್ಕಿಲ್ವಾ?”

ನಾನು ಅದೇ ಬಸ್ಸನ್ನು ತೋರಿಸಿ, ಕೆಳಗೆ ಹೊಳೆಯ ದಂಡೆಯಲ್ಲಿ ನಿಂತವರನ್ನು ತೋರಿಸಿ, ಮೇಡಂ ಹೇಳಿದ ಹಾಗೆಯೇ ಹೇಳಿದೆ. ಬಸ್ಸು ಓಡಿದ್ದಕ್ಕೆ ದಪ್ಪ ಆದವೇ ಎಂಬಂತೆ ಅಪ್ಪ ತಮ್ಮ ತೊಡೆ, ನನ್ನ ತೊಡೆ ನೋಡಿದರು.

“ಇಷ್ಟೇನಾ? ಇಷ್ಟಕ್ಕಾ ಆ ನನ್ಮಗ ಆ ತಾಯಿನ ಉಪಾಸ ಕೆಡವಿದ್ದು? ಸೈನ್ಸೇ ತಕೋ ನೀನು.”

ಆ ಜೂನ್ ತಿಂಗಳಲ್ಲಿ ಹಾಸನದ ಹಾಸ್ಟೆಲ್ಲಿಗೆ ಸೇರಿದೆ. ಪಿಯುಸಿ ಆಯಿತು, ಬಿ.ಎಸ್ಸಿ. ಆಯಿತು. ಆಮೇಲೆ ಅರಕಲಗೂಡಿಗೆ ಮದುವೆಯಾಗಿ ಹೋಗಿ ಒಲೆ ಹಚ್ಚಿದೆ. ಅಷ್ಟು ಓದಿ ಏನು ಮಾಡಿದೆ ಎಂದು ಕೇಳುವ ಜಾಣರು ನೆಂಟರಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಪಾಯಸ ಬಡಿಸಿ ಬಾಯಿ ಕಟ್ಟುತ್ತೇನೆ. ಅನ್ನ ಬೇಯುವ ಹೊತ್ತಿನಲ್ಲಿ ನಿಂತಲ್ಲೇ ತುಂಬಿರುವ ಆ ಸಣ್ಣ ಕಣವನ್ನು ನೆನೆದು ನನ್ನಷ್ಟಕ್ಕೆ ನಾನು ಹಿಗ್ಗುವುದನ್ನು ಅವರಿಗೆ ಹೇಳಿ ಪ್ರಯೋಜನವಿಲ್ಲ. ಸ್ವಾಮಿ ಕೊಟ್ಟದ್ದರಲ್ಲಿ ಅದೂ ಒಂದು.

ನನ್ನ ಮದುವೆಗೆ ದೊಡ್ಡಪ್ಪನೂ ಬಂದಿದ್ದರು. ಕರೆಯದೆ ಇರಲಾಗುತ್ತದೆಯೇ, ಮನೆಗೆ ಹಿರಿಯರು. ಚಪ್ಪರದಲ್ಲಿ ಗಂಡಿನ ಕಡೆಯವರ ನಡುವೆ ಹೋಗಿ ಕೂತು, ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಶುರು ಮಾಡಿದರು.

“ಈ ಉಡ್ಗಿ ಸೈನ್ಸ್ ಓದಿದ್ದು ನನ್ನಿಂದ್ಲೇಯ. ನಾನಿಲ್ದಿದ್ರೆ ಇವತ್ತು ಸೊಪ್ಪು ಸೋಸ್ಕಂಡಿರೋಳು.”

ಗಂಡಿನ ಕಡೆಯವರು ನಮ್ಮ ಅಪ್ಪನ ಮುಖ ನೋಡಿದರು. ಅಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿಕೊಂಡರು.

“ದಿಟ ಕಣಣ್ಣ” ಎಂದರು. “ನೀನಲ್ದೆ ಇನ್ಯಾರು.”